ಬಸ್ ಸ್ಟ್ಯಾಂಡಿನಲ್ಲಿ ನಕ್ಕವನು

ಬಸವಪ್ರಸಾದ್ ನಕ್ಕಿದ್ದೇ ತಪ್ಪಾಯಿತು.

ನಕ್ಕಿದ್ದು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ಹೆಮ್ಮಿಗೆಯ ಮಹದೇವಮ್ಮನವರನ್ನು ನೋಡಿ. ಮಹದೇವಮ್ಮ ಅವನಿಗೆ ಚೆನ್ನಾಗಿ ಗೊತ್ತು. ಮಗಳ ಧಾರೆಯ ಹೊತ್ತಿನಲ್ಲಿ ಆಕೆ ಉಗ್ರಾಣದ ಬಾಗಿಲ ಹಿಂದೆ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತದ್ದು, ಆಮೇಲೆ ಮುಖಕ್ಕಿಷ್ಟು ಪೌಡರ್ ಬಳಿದುಕೊಂಡು ಏನೂ ಆಗದವರಂತೆ ಬೀಗರಿಗೆ ಪಾನಕ ಕೊಟ್ಟದ್ದು, ಎಲ್ಲ ಗೊತ್ತು. ಅತ್ತದ್ದು ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ಆ ತುಣುಕನ್ನು ಕತ್ತರಿಸಿ ತೆಗೆದವನೂ ಅವನೇ. ಆದರೆ ಮಹದೇವಮ್ಮನಿಗೆ ಅವನು ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಅವನು ಆ ಮದುವೆಗೆ ಹೋದವನಲ್ಲ, ಆ ಮದುವೆಯ ವಿಡಿಯೋ ಎಡಿಟ್ ಮಾಡಿದವನು.

ಇದೇ ಅವನ ಪಾಡಾಗಿತ್ತು. ತಿ. ನರಸೀಪುರದಲ್ಲಿ, ಮಹಡಿಯ ಮೇಲಿನ ಒಂಟಿ ಕಿಟಕಿಯ ರೂಮಿನಲ್ಲಿ ಕೂತು ಎರಡು ತಾಲ್ಲೂಕಿನ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತಿದ್ದ. ಕ್ಯಾಮೆರಾದವರು ಮದುವೆಯಲ್ಲಿ ಚೆನ್ನಾಗಿ ಉಂಡು, ಎಲೆಅಡಿಕೆ ಜಗಿಯುತ್ತಾ ಬಂದು ಮೆಮೊರಿ ಕಾರ್ಡ್ ಕೊಟ್ಟು ಹೋಗುತ್ತಿದ್ದರು. ಪ್ರಸಾದು ಮದುವೆ ಊಟ ನೋಡಿದ್ದಕ್ಕೆ ಲೆಕ್ಕವಿಲ್ಲ. ಉಂಡದ್ದು ಮಾತ್ರ ಒಂದೂ ಇಲ್ಲ. ನಲವತ್ತು ದಾಟಿತ್ತು. ಹೆಂಡತಿಯಿಲ್ಲ, ಒಡಹುಟ್ಟಿದವರಿಲ್ಲ. ಇದ್ದ ನಂಟರೆಲ್ಲ ಪರದೆಯ ಮೇಲಿನವರು. ದಿನಗಟ್ಟಲೆ ಅವರ ಮುಖ ನೋಡಿ ನೋಡಿ, ರಸ್ತೆಯಲ್ಲಿ ಎದುರಾದರೆ ತಡೆಯಲಾರದೆ ನಕ್ಕುಬಿಡುತ್ತಿದ್ದ. ಅವರು ಓಟು ಕೇಳಲು ಬಂದವನನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದರು.

ಮಹದೇವಮ್ಮನೂ ಅಷ್ಟೇ. ಹಳದಿ ಬ್ಯಾಗನ್ನು ಎದೆಗವಚಿಕೊಂಡು ಎದ್ದು, ಅತ್ತ ಕಡೆಯ ಬೆಂಚಿಗೆ ಹೋಗಿ ಬೆನ್ನು ಮಾಡಿ ಕೂತರು. ಹೊರಟುಬಿಟ್ಟಿದ್ದ ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಪ್ರಸಾದು ಅದನ್ನು ಬಾಳೆಹಣ್ಣು ಮಾರುವವನ ಕಡೆ ತಿರುಗಿಸಿದ. ಅವನೂ ತೆಗೆದುಕೊಳ್ಳಲಿಲ್ಲ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಮೆಟ್ಟಿಲು ದಡದಡ ಎಂದಿತು. ನಂಜನಗೂಡಿನ ಕಾಲೇಜು ಹುಡುಗರು. ಮುಂದೆ ಕೋಮಲ ಎಂಬ ಹುಡುಗಿ, ಕೈಯಲ್ಲಿ ಪೆನ್‌ಡ್ರೈವ್, ಮುಖದಲ್ಲಿ ಅಳು.

"ಸಾ, ಸಂಜೆ ಕಾಲೇಜ್ ಡೇ. ನಾವೇ ಬರ್ದು, ನಾವೇ ಶೂಟ್ ಮಾಡಿರೋ ಹಾಡು ಹಾಕ್ಬೇಕು. ಎಡಿಟ್ ಮಾಡ್ತಿದ್ದ ಲ್ಯಾಪ್‌ಟಾಪು ಕೈಕೊಡ್ತು. ನಂಜನಗೂಡಲ್ಲಿ ಎಲ್ರೂ ಮದುವೆ ಸೀಸನ್ನು, ಆಗಲ್ಲ ಅಂತಾರೆ. ನೀವೇ ಕಾಪಾಡ್ಬೇಕು ಸಾ."

"ಏನ್ ಹಾಡವ್ವ?"

"ಒಂಟಿತನದ್ದು ಸಾ," ಎಂದ ಹಾಡಿದ ಹುಡುಗ ಪ್ರೇಮ್‌ಕುಮಾರ್. ಒಂಟಿತನದ ಹಾಡಿನ ಹಿಂದೆ ಮೆಟ್ಟಿಲ ತುಂಬ ಜನ ನಿಂತಿದ್ದರು.

ಪ್ರಸಾದುವಿಗೆ ಎದೆ ತುಂಬಿತು. ಆ ರೂಮಿಗೆ ಇಷ್ಟು ಜನ ಒಟ್ಟಿಗೆ ಬಂದದ್ದೇ ಇಲ್ಲ. ಪಕ್ಕದ ಟೈಲರ್ ಅಂಗಡಿಯ ಗುರುಬಸಮ್ಮನ ಹತ್ತಿರ ಕುರ್ಚಿ ಕಡ ತಂದ, ಎಲ್ಲರಿಗೂ ಟೀ ತರಿಸಿದ. ಕೆಲಸ ಚೆನ್ನಾಗಿ ಮಾಡಿಕೊಟ್ಟರೆ ಇವರು ಹೋಗುವಾಗ 'ಸಂಜೆ ನೀವೂ ಬನ್ನಿ ಸಾ' ಅನ್ನಬಹುದು. ತಾನು ಕತ್ತರಿಸಿ ಜೋಡಿಸಿದ್ದನ್ನು ಜನರ ನಡುವೆ ಕೂತು, ನಾಲ್ಕು ಜನ 'ಇವರೇ ನೋಡಿ' ಅನ್ನುವಂತೆ ಒಂದು ಸಲ, ಒಂದೇ ಸಲ ನೋಡಬೇಕು. ಇಷ್ಟು ಆಸೆ ಹುಟ್ಟಿದ್ದೇ ತಡ, ಪರದೆಯ ಕಡೆ ತಿರುಗಿ ಕೂತ. ಹುಡುಗರು ಅವನ ಬೆನ್ನ ಹಿಂದೆ ಕೂತರು. ದಿನವಿಡೀ ಅವರು ನೋಡಿದ್ದು ಆ ಬೆನ್ನನ್ನೇ.

ಹಾಡು ಚೆನ್ನಾಗಿತ್ತು. 'ಊರ ತುಂಬ ದೀಪವಿದ್ದೂ ನನ್ನ ಕಿಟಕಿ ಕತ್ತಲೆ' ಎಂದು ಪ್ರೇಮ್‌ಕುಮಾರ್ ಮುಡುಕುತೊರೆಯ ಗದ್ದೆ ಬದುವಿನ ಮೇಲೆ ಒಬ್ಬನೇ ನಡೆಯುತ್ತಿದ್ದ. ಅಷ್ಟರಲ್ಲಿ ಕಟ್ಟಡದ ಮಾಲೀಕ ಗುರುಮಲ್ಲಪ್ಪ ಬಾಗಿಲಲ್ಲಿ ಪ್ರತ್ಯಕ್ಷನಾದ.

"ತಡಿಲಾ, ತಡಿಲಾ! ಇಂದ್ಗಡೆ ನಿಂತಿರೋದು ನಮ್ಮ ಟ್ರ್ಯಾಕ್ಟ್ರು ಕಣ್ಲಾ!"

"ಔದು, ಅಕಸ್ಮಾತ್ ಬಂದದೆ ಸ್ವಾಮಿ. ಅದನ್ನ ತೆಗೀತಾ ಇದೀನಿ."

"ತೆಗೆಯೋದ? ಒಸಾ ಟ್ರ್ಯಾಕ್ಟ್ರು! ಆ ಹೈದನ್ನ ವಸಿ ಪಕ್ಕಕ್ ಸರ್ಸು. ಅವನು ಯಾವಾಗ್ಲೂ ಸಿಕ್ತಾನೆ."

ಕಟ್ಟಡದ ಮಾಲೀಕನಿಗೆ ಇಲ್ಲ ಅನ್ನಲಾದೀತೇ? ಒಂಟಿ ಪ್ರೇಮಿಗೆ ಟ್ರ್ಯಾಕ್ಟರ್ ಜೊತೆಯಾಯಿತು. ಅದರ ಬೆನ್ನಿಗೇ ಗುರುಬಸಮ್ಮ, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡು ಬಂದಳು.

"ಇದೇನ್ಲಾ ಪ್ರಸಾದು, ಸತ್ತ ಮನೇಲಿ ಪದ ಆಡ್ದಂಗದೆ? ಮೇಲಿಂದ ವಸಿ ಗುಲಾಬಿ ಹೂವ ಉದುರ್ಸು. ನಮ್ಮ ತಮ್ಮನ್ ಮದ್ವೆಗೆ ಉದುರ್ಸಿದ್ದಲ್ಲ, ಅಂಗೆ."

"ಆಂಟಿ, ಇದು ಫೀಲಿಂಗ್ ಸಾಂಗು!" ಎಂದಳು ಕೋಮಲ.

"ಊವ ಬಿದ್ರೆ ಫೀಲಿಂಗ್ ಬರಲ್ವ? ನಂಗೆ ಬತ್ತದಪ್ಪ."

ಹೂವು ಉದುರಿತು, ಕೋಮಲ ಕೂಗಿದಳು, ಹೂವು ಹೋಯಿತು. ಹೀಗೆ ಮಧ್ಯಾಹ್ನವಾಗುವ ಹೊತ್ತಿಗೆ ಕೊನೆಯ ಚರಣ ಬಂತು.

"ಸಾ, ಈಗ ನೋಡಿ. ನಮ್ಮ ಹಾಡಿನ ಜೀವಾನೇ ಇಲ್ಲಿರೋದು," ಎಂದಳು ಕೋಮಲ. "ಹೋದ ವಾರ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದು. ಯಾರೋ ಪಾಪ, ಎಲ್ರನ್ನೂ ನೋಡಿ ನಗ್ತಿದ್ದ. ಒಬ್ರೂ ತಿರುಗಿ ನಗ್ಲಿಲ್ಲ. ನಾನು ದೂರದಿಂದ ಝೂಮ್ ಹಾಕಿ ಹಿಡ್ಕೊಂಡೆ."

ಪ್ರಸಾದು ಕ್ಲಿಪ್ ತೆರೆದ. ಬೆಂಚು. ಹಳದಿ ಬ್ಯಾಗಿನ ಹೆಂಗಸೊಬ್ಬಳು ಬೆನ್ನು ತಿರುಗಿಸಿ ಎದ್ದು ಹೋಗುತ್ತಿದ್ದಳು. ಉಳಿದವನೊಬ್ಬ ಬಾಳೆಹಣ್ಣಿನವನ ಕಡೆ ತಿರುಗಿ ನಗುತ್ತಿದ್ದ, ಅಂಗಡಿ ಮುಚ್ಚಿದ ಮೇಲೂ ಆರಿಸಲು ಮರೆತ ದೀಪದ ಹಾಗೆ.

ಅವನೇ. ತಾನೇ.

ಕ್ಲಿಪ್ಪನ್ನು ಅಲ್ಲಿಗೇ ನಿಲ್ಲಿಸಿದ. ಒಂದು ಮುಖ ಎಷ್ಟು ಒಂಟಿಯಾಗಿ ಕಾಣಬಹುದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಬೇರೆಯವರದ್ದಾಗಿದ್ದರೆ ಮರುಮಾತಿಲ್ಲದೆ ಕತ್ತರಿಸಿ ತೆಗೆಯುತ್ತಿದ್ದ.

"ಇದು ಬೇಡ ಕಣವ್ವ," ಎಂದ, ತಿರುಗದೆ. "ಕ್ಲಿಯರ್ ಇಲ್ಲ. ಟ್ರ್ಯಾಕ್ಟ್ರೇ ಇನ್ನೊಂದ್ಸಲ ಹಾಕಾಣ."

"ಅಯ್ಯೋ, ಬೇಕೇಬೇಕು ಸಾ!" ಎಂದು ಹಿಂದಿನಿಂದ ಎಲ್ಲರೂ ಬಡಿದುಕೊಂಡರು. "ಸ್ಲೋ ಮಾಡಿ, ಹತ್ರಕ್ಕೆ ತನ್ನಿ. ಯಾರೋ ಹುಚ್ಚ ಅಂತ ಕಾಣ್ತದೆ ಪಾಪ. ನಿಮಗೇನಾದ್ರೂ ಗೊತ್ತಾ ಸಾ?"

"ಇಲ್ಲಪ್ಪ," ಎಂದ ಪ್ರಸಾದು. "ನೋಡಿಲ್ಲ."

ಹತ್ತಿರಕ್ಕೆ ತಂದಷ್ಟೂ ಮುಖ ಪರದೆ ತುಂಬಿತು. ಇದು ತಾನೇ ಎಂದು ಹುಡುಗರು ಗುರುತು ಹಿಡಿದರೆ? ಆಗ ಕೈಗೆ ಹಳೆಯ ವಿದ್ಯೆ ನೆನಪಾಯಿತು. ಮದುವೆ ವಿಡಿಯೋದಲ್ಲಿ ಬಂದವರನ್ನೆಲ್ಲ ಬೆಳ್ಳಗೆ ಮಾಡುವುದು ವಾಡಿಕೆ; ಇಲ್ಲದಿದ್ದರೆ ಬೀಗರು ಒಪ್ಪುವುದಿಲ್ಲ. ತನ್ನ ಮುಖವನ್ನೂ ಮದುಮಗನ ಬಣ್ಣಕ್ಕೆ ತಂದ. ಕೆನ್ನೆಯ ಗುಂಡಿ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ ಎಲ್ಲ ನುಣ್ಣಗೆ ಒರೆಸಿದ. ಬೋಳಾಗುತ್ತಿದ್ದ ತಲೆಯನ್ನು ಫ್ರೇಮಿನಿಂದ ಆಚೆಗೆ ತಳ್ಳಿದ.

"ಸೂಪರ್ ಸಾ! ಹೀರೋ ಕಂಡಂಗೆ ಕಾಣ್ತಾನೆ!"

ಗುರುಬಸಮ್ಮ ಕುರ್ಚಿ ವಾಪಸ್ ಕೇಳಲು ಬಂದವಳು ಪರದೆ ನೋಡಿ ನಿಂತಳು. ಪ್ರಸಾದು ಪರದೆಗೆ ಇನ್ನಷ್ಟು ಬಾಗಿ ಕೂತ.

"ಈವಯ್ಯನ್ನ ಎಲ್ಲೋ ನೋಡಿದೀನಲ್ಲ... ನಮ್ಮ ಬಿಳಿಗೆರೆ ಬೀಗ್ರ ಕಡೆಯೋರಿರ್ಬೇಕು." ಲೊಚಗುಟ್ಟಿದಳು. "ಪಾಪ, ಯಾರೂ ದಿಕ್ಕಿಲ್ದೋನಂಗವ್ನೆ. ಎಲ್ರೂ ನಿನ್ನಂಗೆ ಪುಣ್ಯ ಮಾಡಿರ್ತಾರೇನ್ಲಾ ಪ್ರಸಾದು? ನಿಂಗೆ ನಾವೆಲ್ಲ ಇಲ್ವ?" ಎಂದು ಎರಡು ಕುರ್ಚಿಗಳನ್ನು ಎತ್ತಿಕೊಂಡು ಹೋದಳು.

ಹಾಡು ರೆಂಡರ್ ಆಗಿ ಫೈಲು ಸಿದ್ಧವಾಯಿತು. ಪೆನ್‌ಡ್ರೈವ್ ಸಿಕ್ಕಿದ್ದೇ ತಡ ಹುಡುಗರು ಮೆಟ್ಟಿಲಿಳಿದರು. ರೂಮು ಮೊದಲಿನ ಹಾಗಾಯಿತು. ಪ್ರಸಾದು ಖಾಲಿ ಟೀ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಾಗ ಕೆಳಗಿನಿಂದ ಕೋಮಲಳ ಕೂಗು ಕೇಳಿಸಿತು.

"ಸಾ! ನೀವೂ ಬನ್ನಿ ಸಾ, ಸಂಜೆ!"

ಪ್ರಸಾದು ಗಡ್ಡ ಹೆರೆದ, ಇಸ್ತ್ರಿ ಶರ್ಟು ಹಾಕಿದ, ನಂಜನಗೂಡಿನ ಬಸ್ಸು ಹತ್ತಿದ.

ಕಾಲೇಜಿನ ಬಾಗಿಲಲ್ಲಿ ಕೋಮಲಳೇ ನಿಂತಿದ್ದಳು. ಅವನು ನಕ್ಕ.

"ಯಾರು ಬೇಕಿತ್ತು? ಪೇರೆಂಟ್ಸಿಗೆ ಮಾತ್ರ ಎಂಟ್ರಿ," ಎಂದಳು.

ಪ್ರಸಾದು ಹಿಂದಿರುಗಲು ಬೆನ್ನು ತಿರುಗಿಸಿದ.

"ಅಯ್ಯೋ, ಎಡಿಟರ್ ಸಾ!" ಎಂದು ಕೋಮಲ ಚೀರಿದಳು. "ಸಾರಿ ಸಾ! ಒಳಗೆ ಬನ್ನಿ, ಎಲ್ಲಾದ್ರೂ ಕೂತ್ಕೊಳಿ," ಎಂದು ಸ್ಟೇಜಿನ ಕಡೆ ಓಡಿದಳು.

ಹಾಲ್ ಹೆಚ್ಚುಕಡಿಮೆ ತುಂಬಿತ್ತು. ಹಿಂದಿನ ಸಾಲಿನಲ್ಲೊಂದು ಕುರ್ಚಿ ಸಿಕ್ಕಿತು. ದೀಪ ಆರಿತು, ಹಾಡು ಶುರುವಾಯಿತು. ಟ್ರ್ಯಾಕ್ಟರ್ ಬಂದಾಗ ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ಬಸ್ ಸ್ಟ್ಯಾಂಡು ಬಂತು. ಗೋಡೆಯಗಲದ ಪರದೆಯ ಮೇಲೆ ಅವನು ನಕ್ಕ, ನಿಧಾನವಾಗಿ, ಯಾರಿಗೂ ಬೇಡವಾದ ನಗು. ಶಿಳ್ಳೆ ಹಾಕಿದವರು ಬಾಯಿಂದ ಬೆರಳು ತೆಗೆದರು. ಅಲ್ಲೊಬ್ಬರು ಇಲ್ಲೊಬ್ಬರು ಮೂಗು ಒರೆಸಿಕೊಂಡರು. ಮಧ್ಯಾಹ್ನ ಬಚ್ಚಿಟ್ಟುಕೊಳ್ಳಲು ಒದ್ದಾಡಿದವನಿಗೆ ಈಗ ಎದ್ದು ನಿಂತು 'ನಾನೇ ಕಣ್ರಪ್ಪ, ನಾನೇ' ಎಂದು ಕೂಗಬೇಕೆನಿಸಿತು. ಆದರೆ ಪರದೆಯ ಮೇಲಿನ ಆ ಬೆಳ್ಳನೆಯ ನುಣ್ಣನೆಯ ಮನುಷ್ಯನನ್ನು ಇವನೆಂದು ಯಾರು ನಂಬುತ್ತಾರೆ? ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ. 'ಸಂಕಲನ: ಬಸವಪ್ರಸಾದ್' ಎಂದು ಕೊನೆಯಲ್ಲಿ ಬರುವಷ್ಟರಲ್ಲಿ ದೀಪ ಹತ್ತಿತು, ಮುಂದಿನದು ಗುಂಪು ನೃತ್ಯ ಎಂದು ಮೈಕು ಕೂಗಿತು.

ಪಕ್ಕದ ಕುರ್ಚಿಯಲ್ಲಿ ಯಾರೋ ಬಿಕ್ಕುತ್ತಿದ್ದರು.

"ಅಯ್ಯೋ ನನ್ನಪ್ಪ, ಒಟ್ಟೆ ಕಿವುಚ್ತು ಕಣವ್ವ," ಎಂದು ಆಚೆ ಕೂತವಳಿಗೆ ಹೇಳುತ್ತಿದ್ದರು. "ಎದ್ದೋದ್ಲಲ್ಲ, ಅದೆಂಥ ಕಲ್ಲೆದೆ ಎಂಗ್ಸೋ ಅವಳು! ಒಂದ್ ನಗು ನಕ್ಕಿದ್ರೆ ಅವಳ ಗಂಟೇನ್ ಓಗ್ತಿತ್ತು? ಆವಯ್ಯ ನನ್ ಕಣ್ಗೇನಾದ್ರೂ ಬಿದ್ದಿದ್ರೆ, ಮನೆಗ್ ಕರ್ಕೊಂಡೋಗಿ ಒಟ್ಟೆ ತುಂಬ ಮುದ್ದೆ ಇಕ್ತಿದ್ದೆ."

ಪ್ರಸಾದು ತಿರುಗಿ ನೋಡಿದ. ಮಹದೇವಮ್ಮ. ಕಿರಿಮಗಳ ನೃತ್ಯ ನೋಡಲು ಬಂದಿದ್ದರು. ಪಕ್ಕದಲ್ಲಿ ಅದೇ ಹಳದಿ ಬ್ಯಾಗು. ಆಕೆ ಅಳುತ್ತಿದ್ದದ್ದು ಅವನಿಗಾಗಿಯೇ. ಈ ಸಲ ಕತ್ತರಿಸಿ ತೆಗೆಯಬೇಕಾದ್ದು ಏನೂ ಇರಲಿಲ್ಲ. ಅವನ ಮುಖದ ತುಂಬ, ಇಷ್ಟು ವರ್ಷದ್ದೆಲ್ಲ ಸೇರಿ, ಒಂದು ನಗು ಹರಡಿತು.

ಮಹದೇವಮ್ಮ ಕಣ್ಣೊರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬ್ಯಾಗನ್ನು ಎದೆಗವಚಿಕೊಂಡರು.

"ಬಾರವ್ವ, ಆ ಕಡೆ ಕೂರನ," ಎಂದು ಜೊತೆಯವಳನ್ನು ಎಬ್ಬಿಸಿಕೊಂಡು, ಮುಂದಿನ ಸಾಲಿಗೆ ಹೋಗಿ ಬೆನ್ನು ಮಾಡಿ ಕೂತರು.