ಹರಳೆಣ್ಣೆ ಬಿಟ್ಟ ಕಣ್ಣು

ಕಣ್ಣು ತೋರಿಸುವುದೂ ಒಂದು ಕೆಲಸವೇ? ಹುಟ್ಟಿದಾಗಿನಿಂದ ಮುಖದ ಮೇಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಹಾಗಾಗಿ ಬೇತಮಂಗಲದ ಹತ್ತಿರದ ನಮ್ಮೂರಿನ ರೇಷನ್ ಅಂಗಡಿಗೆ ಕಣ್ಣು ನೋಡಿ ಗುರುತು ಹಿಡಿಯುವ ಮಿಷನ್ ಬಂದಾಗ ಎಲ್ಲರಿಗಿಂತ ಹಿಗ್ಗಿದವನು ನಾನೇ. ಹಾಲು ಕರೆದು ಕರೆದು ನನ್ನ ಬೆರಳೂ ಹೆಂಡತಿ ಮುನಿರತ್ನಳ ಬೆರಳೂ ಸವೆದಿದ್ದವು. ಬೆರಳಿನ ಮಿಷನ್ ನಮ್ಮಿಬ್ಬರನ್ನೂ ಮನುಷ್ಯರೆಂದೇ ಒಪ್ಪುತ್ತಿರಲಿಲ್ಲ. ಅಂದು ತಿಂಗಳ ಕೊನೆಯ ದಿನ ಬೇರೆ. ಸಂಜೆಯೊಳಗೆ ಗುರುತು ಸಿಗದಿದ್ದರೆ ಆ ತಿಂಗಳ ಅಕ್ಕಿ ಹೋದಂತೆಯೇ.

ಮುನಿರತ್ನ ಮಾತ್ರ ಒಪ್ಪಲಿಲ್ಲ. "ಊರೋರೆಲ್ಲ ಕಣ್ಣಿಟ್ಟಿರೋ ಗಾಜಿಗೆ ನಾನಿಡಕಿಲ್ಲ. ಮದ್ರಾಸ್ ಐ ಬಂದ್ರೆ ಆಲು ಕರೆಯೋರ್ಯಾರು? ನೀವೇ ಓಗಿ," ಎಂದಳು.

ನನಗೋ ಆ ಮಿಷನ್ ಒಳಗೆ ಏನು ನೋಡುತ್ತದೆಂಬ ಕುತೂಹಲ. ಪಾಪೆಯ ಸುತ್ತಲಿನ ಬಣ್ಣದಲ್ಲಿ ಗೆರೆಗಳಿರುತ್ತವೆ, ಒಬ್ಬರದಿದ್ದಂತೆ ಇನ್ನೊಬ್ಬರದಿರದು ಎಂದು ಅಂಗಡಿಯ ವೆಂಕಟೇಶ ಹೇಳಿದ್ದ. ಬೆಳಗ್ಗೆ ಕನ್ನಡಿ ಹಿಡಿದು ನೋಡಿಕೊಂಡೆ. ಹಸುವಿಗೂ ಇರಬಹುದೇ ಎಂದು ಕೊಟ್ಟಿಗೆಗೆ ಹೋಗಿ ಅದರ ಕಣ್ಣಲ್ಲಿ ಕಣ್ಣಿಟ್ಟೆ. ಹಸು ಮುಖ ತಿರುಗಿಸಿತು.

ಇಷ್ಟು ಮುಖ್ಯವಾದ ಕಣ್ಣನ್ನು ಹಾಗೇ ಒಯ್ಯುವುದುಂಟೇ? ಎಣ್ಣೆಸ್ನಾನದ ದಿನ ನಮ್ಮಜ್ಜಿ ಕಣ್ಣಿಗೆ ಒಂದು ತೊಟ್ಟು ಹರಳೆಣ್ಣೆ ಬಿಡುತ್ತಿದ್ದಳು, ತಂಪಾಗಿ ಹೊಳೆಯಲೆಂದು. ನಾನೂ ಬಿಟ್ಟುಕೊಂಡೆ. ಧಾರಾಳವಾಗಿಯೇ!

ಅಂಗಡಿ ತಲುಪುವಷ್ಟರಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನನ್ನನ್ನು ಕಂಡದ್ದೇ ಸಾಲು ಚದುರಿತು. ಗೌರವದಿಂದ ದಾರಿ ಬಿಟ್ಟರೆಂದುಕೊಂಡು ನೇರ ಹೋಗಿ ಮಿಷನ್‌ಗೆ ಕಣ್ಣೊತ್ತಿದೆ.

"ಅಣ್ಣೋ, ಮದ್ರಾಸ್ ಐ ಇಟ್ಕೊಂಡು ಇಲ್ಲಿಗ್ಯಾಕ್ ಬಂದ್ರಿ?" ಎಂದು ವೆಂಕಟೇಶ ಅದನ್ನು ಕಿತ್ತುಕೊಂಡ.

"ಅರಳೆಣ್ಣೆ ಕಣಪ್ಪ," ಎಂದೆ. ನಂಬಲಿಲ್ಲ. ಗಾಜು ಮುಟ್ಟಿ ನೋಡಿ ನಂಬಿದ! ಆಮೇಲೆ ಯಾರ ಕಣ್ಣೂ ಅದಕ್ಕೆ ಕಾಣಲಿಲ್ಲ. ಟವೆಲ್ಲಿನಿಂದ ಒರೆಸಿದರೆ ಎಣ್ಣೆ ಇನ್ನಷ್ಟು ಹರಡಿತು. ಊರಿನ ಅಕ್ಕಿಯೆಲ್ಲ ನನ್ನಿಂದ ನಿಂತುಹೋಯಿತು. ನಿಜಕ್ಕೂ ಹೆದರಿದೆ.

ಸುದ್ದಿ ಕೇಳಿ ಮುನಿರತ್ನ ಬಂದಳು. ಅಷ್ಟರಲ್ಲಿ ವೆಂಕಟೇಶ ಬಟ್ಟೆಗೆ ಸೋಪು ಹಚ್ಚಿ ಗಾಜನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದ.

"ಈಗ ಸುದ್ದವಾಯ್ತಲ್ಲ, ಕೊಡಪ್ಪ," ಎಂದು ತಾನೇ ಮಿಷನ್ ಹಿಡಿದಳು. ರೆಪ್ಪೆ ಮಿಟುಕಿಸದೆ ನೋಡಬೇಕೆಂದು ವೆಂಕಟೇಶ ಹೇಳಿಕೊಟ್ಟ. ಹೇಳಬೇಕಾಗಿರಲಿಲ್ಲ, ಬಂದಾಗಿನಿಂದ ನನ್ನನ್ನು ಹಾಗೆಯೇ ನೋಡುತ್ತಿದ್ದಳು. ಮಿಷನ್ ಒಂದೇ ಸಲಕ್ಕೆ ಒಪ್ಪಿಕೊಂಡಿತು.

ಅವಳು ಮುಂದೆ ನಡೆದಳು. ಅಕ್ಕಿ ಚೀಲ ಹೊತ್ತು ನಾನು ಹಿಂದೆ. ಆ ಕೆಲಸಕ್ಕೆ ಬೆರಳೂ ಬೇಡ, ಕಣ್ಣೂ ಬೇಡ, ಬೆನ್ನೊಂದಿದ್ದರೆ ಸಾಕು.