ಸಪ್ಪೆ ಜೋಕಿನ ಅಪೀಲು

ಕ್ಷೌರಿಕ: ಅದೆಲ್ಲ ಬಿಡಿ ಮೇಡಂ. ಸುಳ್ಳುಗಾರ ಅಂತ ಬರೆದಿದ್ದಾರಾ, ಬರ್ಕೊಳ್ಳಲಿ. ಆದ್ರೆ ಆ ಎರಡನೇ ಮಾತಿದೆಯಲ್ಲ, ಅದನ್ನ ಮಾತ್ರ ನಾನು ಸಹಿಸಲ್ಲ!

ವಕೀಲೆ: ಸುಳ್ಳುಗಾರ ಅಂದಿದ್ದಕ್ಕೇ ಕಣ್ರೀ ನಿಮ್ಮ ಅರ್ಜಿ ಬಿದ್ದುಹೋಗಿರೋದು!

ಕ್ಷೌರಿಕ: ಇನ್ನೊಂದ್ಸಲ ಓದಿ. ಎರಡನೇದು.

ವಕೀಲೆ: (ಓದುತ್ತ) "ಅರ್ಜಿದಾರರು ಹೇಳಿದ ಹಾಸ್ಯವನ್ನು ಕೇಳಿ ನನಗೆ ನಗು ಬರಲಿಲ್ಲ. ಇಂಥ ಮಾತಿಗೆ ಒಂದು ಸರ್ಕಾರ ಸಿಟ್ಟಾಗುತ್ತದೆ ಎಂದು ನಂಬುವುದು ಕಷ್ಟ."

ಕ್ಷೌರಿಕ: ಕೇಳಿಸ್ಕೊಂಡೆಯೇನೇ? ನಗು ಬರಲಿಲ್ಲವಂತೆ!

ಹೆಂಡತಿ: ನನಗೂ ಬಂದಿಲ್ಲ. ನಾನು ಕಾಗದ ಬರೆದು ತಿಳಿಸಿಲ್ಲ, ಅಷ್ಟೆ.

ವಕೀಲೆಯ ಕಚೇರಿ ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿತ್ತು. ಕೆಳಗೆ ಯಂತ್ರ ತಿರುಗಿದಾಗಲೆಲ್ಲ ಮೇಲಿನ ಫೈಲುಗಳೂ ನಡುಗುತ್ತಿದ್ದವು. ಬೇರೆ ದೇಶಗಳಿಂದ ಬಂದವರ ವೀಸಾ, ಪೌರತ್ವ, ಆಶ್ರಯದ ವ್ಯಾಜ್ಯ ನಡೆಸುವುದೇ ಆಕೆಯ ಕಸುಬು. ಪ್ರೀತಿಸಿ ಬಂದವರು, ದುಡಿಯಲು ಬಂದವರು, ಜೀವ ಉಳಿದರೆ ಸಾಕೆಂದು ಬಂದವರು ಎಲ್ಲರನ್ನೂ ಆಕೆ ಕಂಡಿದ್ದಳು. ಜೋಕು ಹೇಳಿ ಓಡಿಬಂದವನು ಮಾತ್ರ ಇವನೊಬ್ಬನೇ. ತನ್ನ ಕಟಿಂಗ್ ಅಂಗಡಿಯಲ್ಲಿ ತನ್ನ ದೇಶದ ಅಧ್ಯಕ್ಷರ ಮೇಲೆ ಜೋಕು ಕಟ್ಟಿ ಹೇಳುತ್ತಿದ್ದ. ಯಾರೋ ಹೋಗಿ ಪೊಲೀಸರ ಕಿವಿಗೆ ಊದಿದರು. ಪೊಲೀಸರು ಮುಂಬಾಗಿಲಿಗೆ ಬಂದಾಗ ಗಂಡ ಹೆಂಡತಿ ಹಿಂಬಾಗಿಲಿನಿಂದ ಹೊರಬಿದ್ದರು. ಇಲ್ಲಿಗೆ ಬಂದು ಆಶ್ರಯ ಕೇಳಿದರೆ ವಲಸೆ ಅಧಿಕಾರಿ ಕೊಡಲಾಗದು ಎಂದು ಬರೆದ. ನಾಳೆ ಬೆಳಿಗ್ಗೆ ಅದರ ಮೇಲಿನ ಅಪೀಲು. ಅಲ್ಲೂ ಸೋತರೆ ವಿಮಾನ ಹತ್ತಿಸಿ ವಾಪಸ್ಸು ಕಳಿಸುತ್ತಾರೆ. ಅಲ್ಲಿ ಇಳಿದಾಗ ಕಾದು ನಿಂತಿರುವವರು ಕ್ಷೇಮಸಮಾಚಾರ ಕೇಳುವ ಪೈಕಿಯಲ್ಲ. ಇಷ್ಟೆಲ್ಲ ಗೊತ್ತಿದ್ದೂ ಈ ಆಸಾಮಿಗೆ ಚಿಂತೆ ಜೋಕಿನದು!

ವಕೀಲೆ: ಮೊದಲನೇದಕ್ಕೆ ಬನ್ನಿ. ಹಿಡಿಯೋಕೆ ಎಷ್ಟು ಜನ ಬಂದಿದ್ರು ಅಂತ ನಿಮ್ಮನ್ನ ಮತ್ತೆ ಮತ್ತೆ ಕರೆಸಿ ಕೇಳಿದ್ದಾರೆ. ಮೊದಲ ಸಲ ಇಬ್ಬರು ಪೊಲೀಸರು ಅಂದಿದ್ದೀರಿ.

ಕ್ಷೌರಿಕ: ಹೌದು.

ವಕೀಲೆ: ಆಮೇಲೆ ಜೀಪು ತುಂಬ ಅಂದಿದ್ದೀರಿ.

ಕ್ಷೌರಿಕ: ಹ್ಞೂಂ.

ವಕೀಲೆ: ಕೊನೇ ಸಲ ಲಾರಿ!

ಕ್ಷೌರಿಕ: ಅಷ್ಟು ಹೊತ್ತಿಗೆ ಆ ಅಧಿಕಾರಿ ಆಕಳಿಸೋಕೆ ಶುರು ಮಾಡಿದ್ದ ಮೇಡಂ. ಲಾರಿ ತರಿಸದೆ ಬೇರೆ ದಾರೀನೇ ಇರಲಿಲ್ಲ.

ಹೆಂಡತಿ: ಇನ್ನೊಂದ್ಸಲ ಆಕಳಿಸಿದ್ರೆ ಯುದ್ಧದ ಹಡಗೇ ಬರ್ತಿತ್ತು.

ಕ್ಷೌರಿಕ: ನೀನು ಸ್ವಲ್ಪ ಸುಮ್ನಿರೇ. ಮೇಡಂ, ಕಥೆ ಅಂದ್ಮೇಲೆ ಹೇಳಿದ ಹಾಗೇ ಹೇಳ್ತಿದ್ರೆ ಕೇಳೋರು ಎದ್ದು ಹೋಗ್ತಾರೆ. ತಲೆ ನೋಡಿ ಕಟಿಂಗು, ಮುಖ ನೋಡಿ ಮಾತು. ನಮ್ಮ ಕಸುಬೇ ಹಾಗೆ.

ವಕೀಲೆ: ಇದು ಕಟಿಂಗ್ ಅಂಗಡಿ ಅಲ್ಲ ರೀ! ಕಾನೂನಿಗೆ ಬೇಕಾಗಿರೋದು ಒಂದೇ ಥರ ಹೇಳೋ ಜನ. ಅದೇ ಮಾತು, ಅದೇ ಸಾಲು. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಸುಳ್ಳು ಅಂತಾರೆ.

ಕ್ಷೌರಿಕ: ಅದೇ ಮಾತು ಅದೇ ಸಾಲು ಹೇಳೋನು ಬಾಯಿಪಾಠ ಮಾಡ್ಕೊಂಡು ಬಂದಿರ್ತಾನೆ. ನಿಜ ಹೇಳೋಕೆ ಯಾರಾದ್ರೂ ಬಾಯಿಪಾಠ ಮಾಡ್ತಾರಾ?

 ಈ ಮಾತು ವಕೀಲೆಗೂ ಎಷ್ಟೋ ಸಲ ಅನ್ನಿಸಿತ್ತು. ಆದರೆ ವಕೀಲಿಕೆಯಲ್ಲಿ ಅನ್ನಿಸಿದ್ದನ್ನೆಲ್ಲ ಹೇಳುತ್ತ ಹೋದರೆ ಹೊರಗಿನ ಬೋರ್ಡು ಕಳಚಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಆಕೆ ಹಾಳೆ ಮಗುಚಿದಳು.

ವಕೀಲೆ: ಆಯ್ತು. ಪೊಲೀಸರು ಬಂದಾಗ ನಿಮ್ಮ ಕುರ್ಚೀಲಿ ಕೂತಿದ್ದ ಗಿರಾಕಿ ಯಾರು? ಒಂದು ಸಲ ಶಾಲೆ ಮೇಷ್ಟ್ರು ಅಂದಿದ್ದೀರಿ. ಒಂದು ಸಲ ಮೇಕೆ ವ್ಯಾಪಾರಿ. ಕೊನೇ ಸಲ, ಅಯ್ಯೋ ದೇವರೇ, ಅಧ್ಯಕ್ಷರ ಷಡ್ಡಕ!

ಹೆಂಡತಿ: ಷಡ್ಡಕಾನಾ? ಏನ್ರೀ ಇದು, ಅಧ್ಯಕ್ಷರಿಗೆ ಮದುವೇನೇ ಆಗಿಲ್ಲ. ಷಡ್ಡಕ ಎಲ್ಲಿಂದ ಬಂದ?

ಕ್ಷೌರಿಕ: ಅದು ಅಧಿಕಾರಿಗೇನು ಗೊತ್ತು?

ವಕೀಲೆ: ಗೊತ್ತಿದೆ. ಷಡ್ಡಕನ ಕೆಳಗೆ ಗೆರೆ ಎಳೆದಿದ್ದಾರೆ ನೋಡಿ.

ಹೆಂಡತಿ: ರೀ, ಸಾಕು. ವಕೀಲಮ್ಮನ ಹತ್ರ ನಿಜ ಹೇಳಿ.

ಕ್ಷೌರಿಕ: ಯಾವ ನಿಜ?

ಹೆಂಡತಿ: ಕುರ್ಚೀಲಿ ಯಾರಿದ್ರು ಅನ್ನೋ ನಿಜ. ನೀವು ಹೇಳ್ತೀರೋ ನಾನು ಹೇಳಲೋ?

ಕ್ಷೌರಿಕ ಕಿಟಕಿಯ ಕಡೆ ತಿರುಗಿ ಕೂತ. ಇಷ್ಟು ಹೊತ್ತೂ ಗಾಳಿಯಲ್ಲಿ ಕತ್ತರಿಯಾಡಿಸುತ್ತಿದ್ದ ಅವನ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಕ್ಷೌರಿಕ: ಅವನು ಇನ್ನೂ ಅಲ್ಲೇ ಇದ್ದಾನೆ ಮೇಡಂ, ಹೆಂಡ್ತಿ ಮಕ್ಕಳ ಜೊತೆ. ಅರ್ಧ ಮುಖಕ್ಕೆ ನೊರೆ ಇಟ್ಕೊಂಡೇ ಎದ್ದು, ನಮ್ಮಿಬ್ಬರನ್ನೂ ತನ್ನ ಗಾಡೀಲಿ ಕೂರಿಸ್ಕೊಂಡು ಗಡಿ ತನಕ ಬಿಟ್ಟ. ನಮ್ಮನ್ನ ದಾಟಿಸಿದ್ದು ಯಾರು ಅಂತ ಪೊಲೀಸರಿಗೆ ಇವತ್ತಿಗೂ ಗೊತ್ತಿಲ್ಲ. ಅವನ ಕೆಲಸ ಏನು ಅಂತ ಹೇಳಿದ್ರೂ ಸಾಕು, ಆ ಊರಲ್ಲಿ ಆ ಕೆಲಸ ಮಾಡೋನು ಅವನೊಬ್ಬನೇ.

ವಕೀಲೆ: ಇಲ್ಲಿ ಕೊಟ್ಟ ಹೇಳಿಕೆ ಅಲ್ಲಿಗೆ ಹೋಗಲ್ಲ ರೀ. ಎಲ್ಲ ಗೋಪ್ಯವಾಗಿ ಇರುತ್ತೆ.

ಕ್ಷೌರಿಕ: ನನ್ನ ಜೋಕೂ ಅಂಗಡಿ ಬಿಟ್ಟು ಆಚೆ ಹೋಗಲ್ಲ ಅಂತಾನೇ ನಾನು ಅಂದ್ಕೊಂಡಿದ್ದೆ.

ವಕೀಲೆಗೆ ಅವನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಮರುಕವೂ ಬಂತು. ಒಬ್ಬನ ತಲೆ ಕಾಯಲು ಮೇಷ್ಟ್ರನ್ನೂ ಮೇಕೆಗಳನ್ನೂ ಹುಟ್ಟಿಸಿ, ತಾನು ಸುಳ್ಳುಗಾರ ಅನ್ನಿಸಿಕೊಂಡು ಕೂತಿದ್ದಾನೆ ಈ ಮಹರಾಯ!

ವಕೀಲೆ: ಇದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದಾ? "ಯಾರು ಅಂತ ಹೇಳಲ್ಲ, ಹೇಳಿದ್ರೆ ಅವನ ಜೀವಕ್ಕೆ ಅಪಾಯ" ಅಂದ್ರೆ ಕೋರ್ಟು ಅರ್ಥ ಮಾಡ್ಕೊಳುತ್ತೆ. ಷಡ್ಡಕನ್ನ ಕರ್ಕೊಂಡು ಬಂದ್ರೆ ಮಾಡ್ಕೊಳಲ್ಲ. ಅದು ನನಗೆ ಬಿಡಿ, ನಾನು ಹೇಳ್ತೀನಿ. ಮತ್ತೆ ಆ ಲಾರಿ? ಲಾರೀಲಿ ಯಾರನ್ನ ಕಾಪಾಡ್ತಿದ್ರಿ?

ಕ್ಷೌರಿಕ: ಲಾರಿ... ಲಾರಿ ನನ್ನದೇ ಮೇಡಂ.

ಹೆಂಡತಿ: ಬಡಾಯಿ ಅನ್ನಿ, ಬಾಯ್ತುಂಬ.

ವಕೀಲೆ: ನಾಳೆ ಕೇಳಿದ್ರೆ ಹಾಗೇ ಒಪ್ಕೊಳ್ಳಿ. ಈಗ ಎರಡನೇದು. ಜೋಕು ಚೆನ್ನಾಗಿಲ್ಲ ಅಂದಿದ್ದಾರಲ್ಲ, ಅದನ್ನೂ ಒಪ್ಕೊಂಡುಬಿಡೋಣ.

ಕ್ಷೌರಿಕ: ಏನಂದ್ರಿ?

ವಕೀಲೆ: ಇಷ್ಟು ಸಪ್ಪೆ ಜೋಕಿಗೂ ಪೊಲೀಸರನ್ನ ಅಟ್ಟೋ ಸರ್ಕಾರ ಅಂದ್ರೆ ಅದೆಷ್ಟು ಅಪಾಯದ್ದು ಅಂತ ನಾನು ವಾದ ಮಾಡ್ತೀನಿ. ಜೋಕು ಸಪ್ಪೆ ಆದಷ್ಟೂ ನಮ್ಮ ಕೇಸು ಗಟ್ಟಿ.

ಕ್ಷೌರಿಕ: ಮೇಡಂ, ನೀವು ನನ್ನ ವಕೀಲರೋ ಅವರ ವಕೀಲರೋ? ಆ ಜೋಕು ಕೇಳೋಕೆ ಬೋಳುತಲೆಯೋರೂ ಕಟಿಂಗಿಗೆ ಬರ್ತಿದ್ರು!

ವಕೀಲೆ: ಬರಲಿ. ನಾಳೆ ಜಡ್ಜಮ್ಮ ಹೇಳಿ ಅಂದ್ರೆ ನೀವು ಉಪ್ಪುಖಾರ ಹಾಕದೆ ಒಣಗಿಸಿ ಹೇಳ್ಬೇಕು.

ಕ್ಷೌರಿಕ: ಸಾಧ್ಯವೇ ಇಲ್ಲ. ಕತ್ತು ಬೇಕಾದ್ರೆ ಕೊಡ್ತೀನಿ, ಜೋಕು ಕೊಡಲ್ಲ.

ಹೆಂಡತಿ: ಹೌದೌದು, ವಾಪಸ್ಸು ಹೋಗಿ. ಜೈಲಲ್ಲಿ ಕೂತು ಹೇಳಿ, ಎದ್ದು ಹೋಗೋಕೂ ಆಗದ ಜನ ಸಿಗ್ತಾರೆ. ನನಗೆ ಬೇಡಪ್ಪ. ಯಾರೋ ಬಾಗಿಲು ತಟ್ಟಿದ್ರೆ ಎದೆ ಝಲ್ ಅನ್ನದೆ ಎದ್ದು ಹೋಗಿ ಬಾಗಿಲು ತೆಗೀಬೇಕು ನಾನು. ಅಷ್ಟು ಸಿಕ್ರೆ ಸಾಕು ನನಗೆ. ನೀವು ಜಾಣರು ಅಂತ ಕೋರ್ಟು ಬರೆದುಕೊಡೋದು ನನಗೆ ಬೇಕಾಗಿಲ್ಲ.

 ಕ್ಷೌರಿಕ ಅವಳ ಮುಖವನ್ನೊಮ್ಮೆ ನೋಡಿ ವಕೀಲೆಯ ಕಡೆ ತಿರುಗಿದ. 

ಕ್ಷೌರಿಕ: ಎಷ್ಟು ಸಪ್ಪೆ ಮಾಡ್ಬೇಕು ಮೇಡಂ?

ವಕೀಲೆ: ಹೇಳಿ ನೋಡೋಣ.

ಕ್ಷೌರಿಕ: ಒಂದು ಕಾಲದಲ್ಲಿ, ಒಂದು ದೊಡ್ಡ ಪಟ್ಟಣದಲ್ಲಿ, ಒಬ್ಬ ಗಿರಾಕಿ ಇದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು. ಅದರಲ್ಲಿ ದೊಡ್ಡೋಳು...

ವಕೀಲೆ: ಜೋಕಲ್ಲಿ ಹೆಣ್ಣುಮಕ್ಕಳು ಯಾಕೆ ಬಂದ್ರು?

ಕ್ಷೌರಿಕ: ಗಿರಾಕಿ ಅಂದ್ಮೇಲೆ ಒಂದು ಸಂಸಾರ ಬೇಡವಾ?

ವಕೀಲೆ: ಬೇಡ! ಸಂಸಾರ ತೆಗೀರಿ. ಪಟ್ಟಣ ತೆಗೀರಿ. ಕೈ ಆಡಿಸ್ಬೇಡಿ, ಜೇಬಲ್ಲಿಡಿ.

ಕ್ಷೌರಿಕ: ಹುಬ್ಬು?

ಹೆಂಡತಿ: ಅದನ್ನೂ ಜೇಬಲ್ಲೇ ಇಟ್ಕೊಳ್ಳಿ.

ಸಂಜೆಯ ತನಕ ಆ ಜೋಕಿನ ಮೈಮೇಲಿದ್ದ ಒಡವೆಯನ್ನೆಲ್ಲ ಒಂದೊಂದಾಗಿ ಬಿಚ್ಚಿಸಿದರು. ಕೊನೆಗೆ ಅದು ಎಲುಬಿನ ಗೂಡಾಗಿ ನಿಂತಾಗ ಕ್ಷೌರಿಕನ ಮುಖ ನೋಡಲಾಗುತ್ತಿರಲಿಲ್ಲ. ವಕೀಲೆ ಮಾತ್ರ ಭೇಷ್ ಎಂದಳು.

ಮರುದಿನದ ಕೋರ್ಟು ಕೋರ್ಟಿನ ಹಾಗೆಯೇ ಇರಲಿಲ್ಲ. ಒಂದು ಉದ್ದನೆಯ ಮೇಜು, ನೀರಿನ ಜಗ್ಗು, ಮಾತು ಹಿಡಿದಿಡುವ ಒಂದು ಯಂತ್ರ, ಅಷ್ಟೆ. ಮೇಜಿನ ತುದಿಯಲ್ಲಿ ದಪ್ಪ ಕನ್ನಡಕದ ನ್ಯಾಯಾಧೀಶೆ, ಪಕ್ಕಕ್ಕೆ ಸರ್ಕಾರದ ಕಡೆಯ ವಕೀಲರು. ಗಿರಾಕಿ ಯಾರೆಂದು ಏಕೆ ಮುಚ್ಚಿಟ್ಟರು ಎಂಬುದನ್ನು ನಮ್ಮ ವಕೀಲೆ ವಿವರಿಸಿದಾಗ ನ್ಯಾಯಾಧೀಶೆ ಬರೆದುಕೊಂಡರು, ಕೆದಕಲು ಹೋಗಲಿಲ್ಲ. ಸಪ್ಪೆ ಜೋಕಿನ ವಾದವನ್ನೂ ಕೇಳಿಕೊಂಡರು. ಆಮೇಲೆ ಕ್ಷೌರಿಕನ ಕಡೆ ತಿರುಗಿದರು.

ನ್ಯಾಯಾಧೀಶೆ: ಲಾರಿ ಬಂದಿತ್ತೋ ಇಲ್ಲವೋ?

ಕ್ಷೌರಿಕ: ಇಲ್ಲ. ಇಬ್ಬರು ಪೊಲೀಸರು. ನಡ್ಕೊಂಡೇ ಬಂದಿದ್ರು.

ನ್ಯಾಯಾಧೀಶೆ: ಮತ್ತೆ ಲಾರಿ ಅಂತ ಯಾಕೆ ಹೇಳಿದ್ರಿ?

ಕ್ಷೌರಿಕ: ನಡ್ಕೊಂಡು ಬಂದೋರಿಗೆ ಹೆದರಿ ದೇಶ ಬಿಟ್ಟೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು ತಾಯಿ.

ನ್ಯಾಯಾಧೀಶೆ: ಹ್ಞೂಂ. ಆ ಹಾಸ್ಯ ಏನದು? ಹೇಳಿ.

ಕ್ಷೌರಿಕ ಎದ್ದು ನಿಂತ. ಎರಡೂ ಕೈ ಜೇಬಿಗಿಳಿದವು. ಔಷಧಿ ಬಾಟಲಿಯ ಮೇಲಿನ ಚೀಟಿ ಓದುವವನ ದನಿಯಲ್ಲಿ ಶುರು ಮಾಡಿದ.

ಕ್ಷೌರಿಕ: ನಮ್ಮ ದೇಶದಲ್ಲಿ ಎಲ್ಲ ಅಂಗಡೀಲೂ ಅಧ್ಯಕ್ಷರ ಫೋಟೋ ಇರಬೇಕು. ನನ್ನ ಅಂಗಡೀಲಿ ಅದು ಕನ್ನಡಿಗೆ ಎದುರಿನ ಗೋಡೆ ಮೇಲಿತ್ತು. ಒಬ್ಬ ಗಿರಾಕಿ ಶೇವಿಂಗಿಗೆ ಬಂದ. ಕಣ್ಣು ಮುಚ್ಕೊಂಡೇ ಕೂತ. ಕತ್ತಿ ಕಂಡ್ರೆ ಭಯಾನಾ ಅಂದೆ. ಅಲ್ಲ ಅಂದ. ಕಣ್ಣು ಬಿಟ್ರೆ ಕನ್ನಡೀಲಿ ನನ್ನ ಬೆನ್ನ ಹಿಂದೆ ಅಧ್ಯಕ್ಷರು ಕಾಣ್ತಾರೆ, ಆಮೇಲೆ ಕುತ್ತಿಗೆ ಮೇಲಿರೋ ಕತ್ತಿ ನಿನ್ನ ಕೈಲಿದೆಯೋ ಅವರ ಕೈಲಿದೆಯೋ ಗೊತ್ತಾಗಲ್ಲ ಅಂದ. ಮುಗೀತು.

 ಸರ್ಕಾರದ ವಕೀಲರು ಬಿದ್ದ ಪೆನ್ನು ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿದರು. ಪೆನ್ನು ಅವರ ಕೈಯಲ್ಲೇ ಇತ್ತು. ನ್ಯಾಯಾಧೀಶೆ ಫೈಲನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು, ಎಷ್ಟು ಹೊತ್ತಾದರೂ ಇಳಿಸಲೇ ಇಲ್ಲ. ಇಷ್ಟು ವರ್ಷ ಒಮ್ಮೆಯೂ ನಗದ ಹೆಂಡತಿ ಅಂಗೈಯಿಂದ ಬಾಯಿ ಒತ್ತಿಕೊಂಡಳು. ವಕೀಲೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವರೆಲ್ಲ ನಕ್ಕರೆ ತನ್ನ ವಾದದ ಗತಿಯೇನು?

ವಕೀಲೆ: (ಪಿಸುದನಿಯಲ್ಲಿ) ಯಾಕ್ರೀ ಅಷ್ಟು ಚೆನ್ನಾಗಿ ಹೇಳಿದ್ರಿ?

ಕ್ಷೌರಿಕ: (ಪಿಸುದನಿಯಲ್ಲಿ) ನೀವು ಹೇಳ್ಕೊಟ್ಟ ಹಾಗೇ ಹೇಳಿದೆನಲ್ಲ ಮೇಡಂ!

ತೀರ್ಪು ಬಂದ ದಿನ ಗಂಡ ಹೆಂಡತಿ ಮತ್ತೆ ಅದೇ ಕೋಣೆಯಲ್ಲಿ, ಅದೇ ಕುರ್ಚಿಗಳಲ್ಲಿ ಕೂತಿದ್ದರು. ವಕೀಲೆ ಲಕೋಟೆ ಒಡೆದು ಕಡೆಯ ಪುಟಕ್ಕೆ ಹಾರಿದಳು, ಓದಿದಳು, ಎದ್ದು ನಿಂತಳು.

ವಕೀಲೆ: ಗೆದ್ದಿದ್ದೀವಿ! ಅಮ್ಮಾ, ಆಶ್ರಯ ಕೊಟ್ಟಿದ್ದಾರೆ. ಇನ್ನು ನಿಮ್ಮನ್ನ ಯಾರೂ ಎಲ್ಲಿಗೂ ಕಳಿಸಲ್ಲ.

ಹೆಂಡತಿ ವಕೀಲೆಯ ಎರಡೂ ಕೈ ಹಿಡಿದುಕೊಂಡು ಹಾಗೇ ಅತ್ತುಬಿಟ್ಟಳು. ಅಷ್ಟರಲ್ಲಿ ಕ್ಷೌರಿಕ ತೀರ್ಪನ್ನು ಎಳೆದುಕೊಂಡು ಮೊದಲಿನಿಂದ ಓದತೊಡಗಿದ್ದ.

ಕ್ಷೌರಿಕ: ಇದೇನಿದು? "ಮೇಲ್ಮನವಿದಾರರ ಹಾಸ್ಯವನ್ನು ಗಮನವಿಟ್ಟು ಕೇಳಲಾಯಿತು. ಅದರಲ್ಲಿ ನಗುವಂಥದ್ದು ಏನೂ ಕಂಡುಬರಲಿಲ್ಲ. ಇಷ್ಟು ನೀರಸವಾದ ಮಾತಿಗೂ ಪೊಲೀಸರನ್ನು ಕಳಿಸುವ ಆಡಳಿತದಿಂದ ಇವರ ಜೀವಕ್ಕೆ ಅಪಾಯವಿರುವುದು ಸ್ಪಷ್ಟ." ಮೇಡಂ! ಇದು ಅನ್ಯಾಯ!

ವಕೀಲೆ: ಅದರಿಂದಾನೇ ರೀ ನೀವು ಉಳ್ಕೊಂಡಿರೋದು!

ಕ್ಷೌರಿಕ: ಆಯಮ್ಮ ನಕ್ಕರು! ಫೈಲ್ ಹಿಂದೆ ಭುಜ ಕುಣೀತಿದ್ದದ್ದು ನಾನು ಕಣ್ಣಾರೆ ಕಂಡೆ. ಇದರ ಮೇಲೆ ಅಪೀಲ್ ಹಾಕಿ.

ವಕೀಲೆ: ಗೆದ್ದ ಕೇಸಿಗೆ ಅಪೀಲಾ? ನಿಮಗೇನು ತಲೆ ಕೆಟ್ಟಿದೆಯೇನ್ರೀ?

ಕ್ಷೌರಿಕ: ಬರೀ ಆ ಒಂದು ಸಾಲಿಗೆ ಹಾಕಿ ಸಾಕು. ಅವತ್ತು ನಡೆದದ್ದೆಲ್ಲ ಆ ಯಂತ್ರದಲ್ಲಿ ಇದೆಯಲ್ಲ, ತೆಗೆಸಿ ನೋಡಿ.

ವಕೀಲೆ: ನೋಡಿದ್ದೀನಿ. ಅದನ್ನ ಕೇಳಿ ಬರೆದ ಪ್ರತೀಲಿ "ನ್ಯಾಯಾಧೀಶರು ಕೆಮ್ಮಿದರು" ಅಂತ ದಾಖಲಾಗಿದೆ.

ಕ್ಷೌರಿಕ: ಕೆಮ್ಮಾ? (ಕುರ್ಚಿಯಲ್ಲಿ ಕುಸಿಯುತ್ತ) ಅಲ್ಲೂ ಹಾಗೇ ಮೇಡಂ. ನನ್ನ ಜೋಕಿಗೆ ನಗೋ ಧೈರ್ಯ ಒಬ್ಬರಿಗೂ ಇರಲಿಲ್ಲ. ಅಂಗಡಿ ತುಂಬ ಬರೀ ಕೆಮ್ಮು. ಇಲ್ಲಿಗೆ ಬಂದ್ರೂ ಅದೇ ಹಣೆಬರಹ ನೋಡಿ.

ಹೆಂಡತಿ ಕಣ್ಣೊರೆಸಿಕೊಂಡು ತೀರ್ಪನ್ನು ಅವನ ಕೈಯಿಂದ ಕಿತ್ತುಕೊಂಡಳು.

ಹೆಂಡತಿ: ಅಲ್ಲಿ ಕೆಮ್ಮಿದೋರಲ್ಲೇ ಒಬ್ಬ ಹೋಗಿ ಪೊಲೀಸರಿಗೆ ಊದಿದ. ಇಲ್ಲಿ ಕೆಮ್ಮಿದೋರು ಮನೆ ಕೊಟ್ಟಿದ್ದಾರೆ. ಬಾಯಿ ಮುಚ್ಕೊಂಡು ನಡೀರಿ.