ಹತ್ತಕ್ಕೆ ಹತ್ತು

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಹಾಳೆ. ಅದರಲ್ಲಿ ಹತ್ತು ಪ್ರಶ್ನೆ, ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಅತಿ ಮುಖ್ಯ’ ಎಂಬ ತಲೆಬರಹ. ಬರೆದವರು ಹತ್ತನೇ ತರಗತಿಯ ವಿಜ್ಞಾನ ಮೇಷ್ಟ್ರು. ಆರು ವರ್ಷದಿಂದ ಹಂಗಾಮಿಯಾಗಿಯೇ ಸವೆಯುತ್ತಿದ್ದ ಬಡಪಾಯಿ.

“ಪೂರ್ವಸಿದ್ಧತಾ ಪರೀಕ್ಷೇಲಿ ನಿಮ್ಮ ಮೂವತ್ತೆಂಟು ಮಕ್ಕಳಲ್ಲಿ ಅರ್ಧದಷ್ಟಾದ್ರೂ ಪಾಸಾಗ್ಲಿ, ಕೆಲಸ ಕಾಯಂ ಮಾಡಿ ಅಂತ ಬರೀತೀನಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ,” ಎಂದು ಹೆಡ್‌ಮಿಸ್ಸು ಕಡ್ಡಿ ಮುರಿದಂತೆ ಹೇಳಿದ್ದರು. ಮೇಷ್ಟ್ರು ಐದು ವರ್ಷದ ಹಳೇ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು, ಯಾವ ಪಾಠದಿಂದ ಎಷ್ಟು ಸಲ ಏನೇನು ಕೇಳಿದ್ದಾರೆಂದು ಗೆರೆ ಎಳೆದು, ಸೋಸಿ ಸೋಸಿ ಹತ್ತು ಪ್ರಶ್ನೆ ತೆಗೆದರು. ಮಕ್ಕಳಿಗೆ ಹಂಚಿ, “ಇಷ್ಟು ಓದ್ಕೊಳ್ರಪ್ಪಾ, ಸಾಕು,” ಎಂದರು. ಕೈ ಮುಗಿಯುವುದೊಂದು ಬಾಕಿ.

ಪರೀಕ್ಷೆಯ ದಿನ ಬೆಳಿಗ್ಗೆ ಶಿಕ್ಷಣ ಕಚೇರಿಯಿಂದ ಮೊಹರು ಹಾಕಿದ ಕಟ್ಟು ಬಂತು. ತಮ್ಮ ವಿಷಯದ ಪರೀಕ್ಷೆಗೆ ತಾವೇ ಕಾವಲು ನಿಲ್ಲುವಂತಿಲ್ಲವಾದ್ದರಿಂದ ಮೇಷ್ಟ್ರು ಶಿಕ್ಷಕರ ಕೋಣೆಯಲ್ಲಿ ಉಗುರು ಕಚ್ಚುತ್ತ ಕುಳಿತರು. ಅರ್ಧ ಗಂಟೆಗೆ ಜವಾನ ಉಳಿದ ಪ್ರಶ್ನೆಪತ್ರಿಕೆಯೊಂದನ್ನು ತಂದುಕೊಟ್ಟ.

ಒಂದನೇ ಪ್ರಶ್ನೆ, ಮಾನವನ ಕಣ್ಣಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಹಾಳೆಯಲ್ಲಿತ್ತು! ಎರಡನೆಯದು, ಕಬ್ಬಿಣ ತುಕ್ಕು ಹಿಡಿಯಲು ಕಾರಣವೇನು. ಅದೂ ಇತ್ತು! ಇಡೀ ಪತ್ರಿಕೆಯಲ್ಲಿದ್ದದ್ದೇ ಹತ್ತು ಪ್ರಶ್ನೆ. ಹತ್ತಕ್ಕೆ ಹತ್ತೂ ಅವರದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು.

“ಎಲ್ಲಾ ಬಂತಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ!” ಎಂದು ಡ್ರಿಲ್ ಮೇಷ್ಟ್ರು ಅವರನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಆದರೆ ಆ ಮನುಷ್ಯನಿಗೆ ಸ್ನೇಹ ಜಾಸ್ತಿ, ಬುದ್ಧಿ ಅದಕ್ಕೆ ತಕ್ಕಷ್ಟು ಕಮ್ಮಿ. ಫೋನು ಹಿಡಿದು ನಾಲ್ಕು ಶಾಲೆಗೆ ಸಾರಿಬಿಟ್ಟರು: “ನಮ್ಮ ಸಾರ್‌ಗೆ ಪೇಪರ್ ಮೊದ್ಲೇ ಗೊತ್ತಿತ್ತು ಕಣ್ರೀ!”

ಮಕ್ಕಳು ಉತ್ತರ ಪತ್ರಿಕೆ ಕೊಟ್ಟು ಹೊರಬರುವಷ್ಟರಲ್ಲಿ ಕಚೇರಿಯ ಜೀಪು ಅಂಗಳದಲ್ಲಿತ್ತು.

ಅಧಿಕಾರಿ ಹೆಡ್‌ಮಿಸ್ಸಿನ ಕುರ್ಚಿಯಲ್ಲೇ ಕುಳಿತು ಹಾಳೆಯನ್ನೂ ಪ್ರಶ್ನೆಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಬೆವರತೊಡಗಿದರು.

“ಪೇಪರ್ ಯಾರು ಕೊಟ್ರು?”

“ಯಾರೂ ಇಲ್ಲ ಸಾರ್. ಹಳೇ ಪೇಪರ್ ನೋಡಿ ಬರೆದಿದ್ದು.”

“ಓಹೋ! ಕಚೇರೀಲಿ ಹಳೇ ಪೇಪರನ್ನೇ ಕಾಪಿ ಹೊಡೀತಾರೆ ಅಂತೀರಾ?”

ಹೌದೆಂದರೆ ಕಚೇರಿಗೆ ಅಪಮಾನ, ಇಲ್ಲವೆಂದರೆ ತಮಗೆ ಜೈಲು. ಗಣಿತದ ಮೇಷ್ಟ್ರು ಗೆಳೆಯನನ್ನು ಉಳಿಸಲೆಂದು ಮುಂದೆ ಬಂದು, “ಸಾರ್, ಲೆಕ್ಕ ಹಾಕಿ ನೋಡಿದೆ. ಹತ್ತೂ ತಾನಾಗೇ ಹೊಂದೋ ಸಾಧ್ಯತೆ ಕೋಟಿಗೊಂದು. ಆದ್ರೂ ಇದೆ!” ಎಂದರು.

“ಕೋಟಿಗೊಂದು,” ಎಂದು ಅಧಿಕಾರಿ ಬರೆದುಕೊಂಡರು. ಆಮೇಲೆ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಲು ಹೇಳಿದರು. “ಮಕ್ಕಳು ಹತ್ತೂ ಬಾಯಿಪಾಠ ಮಾಡಿ ಬರೆದಿದ್ರೆ ನಿಮ್ಮ ಕತೆ ಮುಗೀತು. ಈಗಲೇ ಪೊಲೀಸ್ರು.”

ಒಂದು ತಿಂಗಳಿಂದ ಪಾಸಾಗಲಿ ಪಾಸಾಗಲಿ ಎಂದು ಬೇಡುತ್ತಿದ್ದ ಜೀವ ಈಗ ಗೋಡೆಗೊರಗಿ ಫೇಲಾಗಲಿ ದೇವರೇ ಎಂದು ಬೇಡಿತು. ದೇವರು ಒಮ್ಮೊಮ್ಮೆ ತಡಮಾಡುವುದೇ ಇಲ್ಲ.

ಮೊದಲ ಪತ್ರಿಕೆ ಖಾಲಿ. ಎರಡನೆಯದರಲ್ಲಿ ಪ್ರಶ್ನೆಗಳನ್ನೇ ಮುದ್ದಾಗಿ ನಕಲು ಮಾಡಿತ್ತು. ಮೂರನೆಯದರಲ್ಲಿ ಮಾನವನ ಕಣ್ಣಿಗೆ ರೆಪ್ಪೆ, ಹುಬ್ಬು, ಕಾಡಿಗೆ ಎಲ್ಲ ಇತ್ತು, ಭಾಗಗಳ ಹೆಸರೊಂದಿರಲಿಲ್ಲ. ಮೂವತ್ತೆಂಟೂ ಹೀಗೇ. ಅಧಿಕಾರಿಗೆ ತಲೆ ಕೆಟ್ಟು, ತರಗತಿಯ ಜಾಣೆಯನ್ನು ಕರೆಸಿದರು.

“ಮೇಷ್ಟ್ರು ಕೊಟ್ಟ ಹಾಳೆ ನೋಡಿರ್ಲಿಲ್ವೇನಮ್ಮಾ?”

“ನೋಡಿದ್ವಿ ಸಾರ್. ಎಲ್ರೂ ಬ್ಯಾಗಲ್ಲೇ ಇಟ್ಕೊಂಡಿದ್ವಿ.”

“ಮತ್ತೆ ಓದ್ಲಿಲ್ವಾ?”

“ಅದಿಷ್ಟು ಬಿಟ್ಟು ಉಳಿದಿದ್ದೆಲ್ಲಾ ಓದಿದ್ವಿ ಸಾರ್.” ಹುಡುಗಿ ಬಿಕ್ಕಿದಳು. “ನಮ್ಮ ಸಾರ್ ಪ್ರತಿ ವರ್ಷ ಹಿಂಗೇ ಹಾಳೆ ಕೊಡ್ತಾರೆ, ಅವ್ರು ಮುಖ್ಯ ಅಂದಿದ್ದು ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ. ನಮ್ಮಕ್ಕ ಹೇಳಿದ್ಲು, ಆ ಹಾಳೇಲಿ ಇರೋದನ್ನ ಬಿಟ್ಟು ಓದಿದ್ರೆ ಪಾಸು ಗ್ಯಾರಂಟಿ ಅಂತ. ಅವ್ಳ ಕ್ಲಾಸಲ್ಲೂ ಹಂಗೇ ಮಾಡಿದ್ರು.”

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆರು ವರ್ಷದ ಪಾಠಕ್ಕೆ ಉಳಿದ ಮರ್ಯಾದೆ ಇಷ್ಟೇ.

ಅಧಿಕಾರಿ ಮಾತ್ರ ಹಗುರಾದರು. “ಸೋರಿಕೆ ಆಗಿಲ್ಲ. ನೀವು ನಿರಪರಾಧಿ ಅಂತ ಬರೆದಿದ್ದೀನಿ,” ಎಂದು ಕೈ ಕುಲುಕಿ ಜೀಪು ಹತ್ತಿದರು. ಹೆಡ್‌ಮಿಸ್ಸು ಆ ವರದಿಯನ್ನೇ ಎರಡು ಸಲ ಓದಿ ಕನ್ನಡಕ ತೆಗೆದರು.

“ಮೂವತ್ತೆಂಟಕ್ಕೆ ಮೂವತ್ತೆಂಟೂ ಫೇಲು, ಆದ್ದರಿಂದ ನಿರಪರಾಧಿ ಅಂತಿದೆ. ನಾನು ಇನ್ನೇನು ಬರೀಲಿ ಸಾರ್? ಸೋಮವಾರದಿಂದ ಬರ್ಬೇಡಿ.”

ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಬಂದರು. ಜಾಣೆ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹಿಂದೆಯೇ ಓಡಿಬಂದಳು. ಕ್ಷಮೆ ಕೇಳುತ್ತಾಳೇನೋ ಎಂದು ಅವರ ಎದೆ ಕರಗಿತು.

“ಸಾರ್, ದೊಡ್ಡ ಪರೀಕ್ಷೆಗೂ ಒಂದು ಹಾಳೆ ಕೊಟ್ಟು ಹೋಗಿ ಸಾರ್,” ಎಂದಳು. “ಆದ್ರೆ ಈ ಸಲ ನಿಜ ಹೇಳಿ. ಅದನ್ನ ಓದೋದಾ, ಬಿಡೋದಾ?”

ಅದು ಮೇಷ್ಟ್ರಿಗೂ ಗೊತ್ತಿರಲಿಲ್ಲ.